ಎಡ ಹಿಂದಿನ ಚಕ್ರ ಯಾಕೆ ಕಮ್ಮಿ?

ಪೆಟ್ರೋಲ್ ಬಂಕ್‌ನಲ್ಲಿ ಗಾಳಿ ಹೊಡೆಯುವ ಹುಡುಗರು ಕೇಳುವುದು ಒಂದೇ ಪ್ರಶ್ನೆ. "ಎಷ್ಟು ಹಾಕ್ಲಿ ಮೇಡಂ?" ಎಷ್ಟಿತ್ತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಮಿಷಿನ್ನಿಗೆ 33 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಅಂತ ಒತ್ತಿ ಪೈಪ್ ಸಿಕ್ಕಿಸುತ್ತಾರೆ. ಅದು ಸ್ವಲ್ಪ ಹೊತ್ತು ಬುಸ್ ಅಂದು, ಕೊನೆಗೆ ಕೀಂ ಅನ್ನುತ್ತದೆ. ಮುಂದಿನ ಚಕ್ರಕ್ಕೆ ಹೋದರು. ಯಾವ ಚಕ್ರ 31ರಲ್ಲಿತ್ತು, ಯಾವುದು 26ಕ್ಕೆ ಇಳಿದಿತ್ತು ಅನ್ನುವ ಲೆಕ್ಕ ಅಲ್ಲಿಗೇ ಅಳಿಸಿಹೋಯಿತು. ನನಗೆ ಬೇಕಿದ್ದದ್ದು ಆ ಲೆಕ್ಕವೇ. ಅದನ್ನು ಕೊಟ್ಟದ್ದು ಚಕ್ರದ ವಾಲ್ವ್ ಮೇಲೆ ಕೂರುವ ಪುಟ್ಟ ಸೆನ್ಸರ್‌ಗಳು.

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಮನೆ ನಾಗರಭಾವಿ. ತವರು ಹೊಳೆನರಸೀಪುರದ ಕಡೆ. ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ಹಾಗಾಗಿ ಬಿಡುವು ಸಿಕ್ಕಿದ ಶನಿವಾರವೆಲ್ಲ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣದ ದಾರಿ. ನಮ್ಮ ಯಜಮಾನರಿಗೂ ಡ್ರೈವಿಂಗ್ ಬರುತ್ತದೆ. ಆದರೆ ಪಕ್ಕದ ಸೀಟಿನಲ್ಲಿ ಕೂತು ನನಗೆ ಹೇಳಿಕೊಡುವುದು ಅವರಿಗೆ ಜಾಸ್ತಿ ಇಷ್ಟ. ಗಾಡಿ ಹಳೇ ಸೆಡಾನ್. ಎಂಜಿನ್ ಇನ್ನೂ ಗಟ್ಟಿ, ಆದರೆ ಟೈರ್ ಪ್ರೆಶರ್ ತೋರಿಸುವ ದೀಪ ಗೀಪ ಏನೂ ಅದರಲ್ಲಿಲ್ಲ.

ಜೆ.ಸಿ. ರೋಡಿಗೆ ವೈಪರ್ ತರಲು ಹೋದಾಗ ಟೈರಿನ ಗಾಳಿಯ ಒತ್ತಡ ತೋರಿಸುವ ಈ ಸೆನ್ಸರ್ ಸೆಟ್ ಕಣ್ಣಿಗೆ ಬಿತ್ತು. ನಾಲ್ಕು ಪುಟ್ಟ ಕ್ಯಾಪ್‌ಗಳು, ಡ್ಯಾಶ್‌ಬೋರ್ಡ್ ಮೇಲೆ ಇಡಲು ಬಿಸಿಲಿನಿಂದಲೇ ಚಾರ್ಜ್ ಆಗುವ ಒಂದು ಸಣ್ಣ ಪರದೆ. ವಾಲ್ವ್ ಮೇಲಿನ ಕಪ್ಪು ಮುಚ್ಚಳ ತೆಗೆದು ಈ ಕ್ಯಾಪ್ ತಿರುಗಿಸಿದರೆ ಮುಗಿಯಿತು. ಒಳಗೆ ಒತ್ತಡ ಅಳೆಯುವ ಚಿಪ್, ಒಂದು ಬಟನ್ ಸೆಲ್, ಒಂದು ಪುಟ್ಟ ರೇಡಿಯೋ. ಇಂಥವು ಸಾಮಾನ್ಯವಾಗಿ 433 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತವೆ. ಚಕ್ರ ತಿರುಗತೊಡಗಿದಾಗ ಎಚ್ಚರವಾಗಿ ಆಗಾಗ ಒಂದೊಂದು ಸಂದೇಶ ಕಳಿಸುತ್ತವೆ, ಗಾಳಿ ಸರ್ರನೆ ಇಳಿಯುತ್ತಿದ್ದರೆ ಬೇಗ ಬೇಗ ಕಳಿಸುತ್ತವೆ. ಗಾಡಿ ನಿಂತಾಗ ಮಲಗುತ್ತವೆ. ಅದಕ್ಕೇ ಅಷ್ಟು ಸಣ್ಣ ಸೆಲ್ ಬಾಳಿಕೆ ಬರುವುದು.

ಅಂಗಡಿಯವರು ಹೊಗಳಿದ್ದೆಲ್ಲ ಅಲಾರಾಂ ಬಗ್ಗೆ. "ಗಾಳಿ ಕಮ್ಮಿ ಆದ್ರೆ ಕೂಗತ್ತೆ ಮೇಡಂ, ಬಿಸಿ ಆದ್ರೂ ಕೂಗತ್ತೆ, ನೀವು ಆರಾಮಾಗಿ ಓಡಿಸಿ." ನನ್ನ ಅನುಭವ ಬೇರೆ. ಅಲಾರಾಂ ಕೂಗುವ ಹೊತ್ತಿಗೆ ಹೇಳಬೇಕಾದ್ದನ್ನು ಆ ಪರದೆ ಎಷ್ಟೋ ದಿನ ಮುಂಚೆಯೇ ಹೇಳಿರುತ್ತದೆ. ನೋಡಬೇಕಾದದ್ದು ಒಂದು ಚಕ್ರಕ್ಕೂ ಅದರ ಜೋಡಿಗೂ ಇರುವ ವ್ಯತ್ಯಾಸ. ಮುಂದಿನ ಎಡದ ಜೊತೆ ಮುಂದಿನ ಬಲ, ಹಿಂದಿನ ಎಡದ ಜೊತೆ ಹಿಂದಿನ ಬಲ. ಡೆಬಿಟ್ ಕ್ರೆಡಿಟ್ ತಾಳೆ ನೋಡುವ ಟ್ರಯಲ್ ಬ್ಯಾಲೆನ್ಸ್‌ನಲ್ಲಿ ಎರಡು ಕಡೆಯ ಮೊತ್ತ ಎಷ್ಟೇ ದೊಡ್ಡದಿರಲಿ, ನನ್ನ ಕಣ್ಣು ಹೋಗುವುದು ತಾಳೆಯಾಗದ ಆ ಚಿಲ್ಲರೆ ಮೊತ್ತದ ಮೇಲೆ. ಇಲ್ಲೂ ಅದೇ ಅಭ್ಯಾಸ ಕೈ ಹಿಡಿಯಿತು.

ಯಾಕೆ ಅಂತ ಹೇಳುತ್ತೇನೆ. ಒಂದೊಂದೇ ಅಂಕಿ ನೋಡಿದರೆ ತಲೆ ಕೆಡುತ್ತದೆ. ಬೆಳಗ್ಗೆ 33 ಇದ್ದದ್ದು ಕುಣಿಗಲ್ ದಾಟುವ ಹೊತ್ತಿಗೆ 37 ಆಗಿರುತ್ತದೆ. ಮೊದಲ ಸಲ ಯಜಮಾನರು ಗಾಬರಿಯಾಗಿ, "ಸ್ವಲ್ಪ ಗಾಳಿ ಬಿಡಿಸೋಣ, ನಿಲ್ಸು" ಅಂದರು. ಬಿಡಿಸಬಾರದು! ಟೈರ್ ಓಡುತ್ತಾ ಓಡುತ್ತಾ ಬಾಗಿ ಬಾಗಿ ಬಿಸಿಯಾಗುತ್ತದೆ. ಒಳಗಿನ ಗಾಳಿಗೆ ಹಿಗ್ಗಲು ಜಾಗ ಇಲ್ಲ, ಹಾಗಾಗಿ ಒತ್ತಡ ಏರುತ್ತದೆ. ಕಾರಿನ ಟೈರಿಗೆ ಸುಮಾರು 6 ಡಿಗ್ರಿ ಏರಿದರೆ 1 ಪಿಎಸ್ಐ ಅಂತ ಲೆಕ್ಕ ಇಟ್ಟುಕೊಳ್ಳಿ. 25 ಡಿಗ್ರಿಯಲ್ಲಿ ಹೊರಟ ಟೈರ್ 50 ಮುಟ್ಟಿದರೆ 4 ಪಿಎಸ್ಐ ಏರುವುದು ಸಹಜ. ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್ ಮೇಲಿರುವ ಅಂಕಿ ತಣ್ಣಗಿರುವ ಟೈರಿನದ್ದು, ಕಂಪನಿಯವರು ಈ ಏರಿಕೆಯನ್ನೂ ಸೇರಿಸಿಯೇ ಲೆಕ್ಕ ಹಾಕಿರುತ್ತಾರೆ. ದಾರಿಯಲ್ಲಿ ಗಾಳಿ ಬಿಡಿಸಿದರೆ ಮಾರನೇ ಬೆಳಗ್ಗೆ ತಣ್ಣಗಾದಾಗ ಟೈರ್ 29ಕ್ಕೆ ಬಂದು ಕೂತಿರುತ್ತದೆ. ಗಾಳಿ ಕಮ್ಮಿಯಾದ ಟೈರ್ ಇನ್ನೂ ಜಾಸ್ತಿ ಬಾಗುತ್ತದೆ, ಇನ್ನೂ ಜಾಸ್ತಿ ಬಿಸಿಯಾಗುತ್ತದೆ. ಹೈವೇಯಲ್ಲಿ ಟೈರ್ ಸಿಡಿಯುವುದರ ಹಿಂದೆ ಎಷ್ಟೋ ಸಲ ಇರುವುದು ಈ ಕಮ್ಮಿ ಗಾಳಿಯೇ. ಜನ ಮಾತ್ರ ಗಾಳಿ ಜಾಸ್ತಿಯಾಗಿ ಸಿಡಿಯಿತು ಅನ್ನುತ್ತಾರೆ.

ಅದೇ ಲೆಕ್ಕ ಬಂಕ್‌ಗೂ ಅನ್ವಯಿಸುತ್ತದೆ. ಸುಮನಹಳ್ಳಿ ಜಂಕ್ಷನ್ ಟ್ರಾಫಿಕ್‌ನಲ್ಲಿ ಬೆಂದು, ಮಧ್ಯಾಹ್ನ ಬಂಕ್‌ಗೆ ಹೋಗಿ 33 ಹಾಕಿಸಿದರೆ ಅದು ತಣ್ಣಗಿನ 30 ಇರಬಹುದು. ಮನೆಯ ಹತ್ತಿರದ ಬಂಕ್‌ಗೆ ಬೆಳಗ್ಗೆ ಎದ್ದ ಕೂಡಲೇ ಹೋಗುವುದು ಒಳ್ಳೆಯದು. ನೈಟ್ರೋಜನ್ ಹಾಕಿಸಿದರೆ ಈ ಏರಿಳಿತವೇ ಇರುವುದಿಲ್ಲ ಅಂತ ಹೇಳುವವರಿದ್ದಾರೆ. ಸುಮ್ನೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಬಿಸಿಯಾದರೆ ಅದೂ ಅಷ್ಟೇ ಏರುತ್ತದೆ. ತೇವ ಇರುವುದಿಲ್ಲ ಅನ್ನುವುದೊಂದು ನಿಜ.

ಹೀಗೆ ಬಿಸಿಲು, ವೇಗ, ಡಿಕ್ಕಿಯಲ್ಲಿರುವ ತೆಂಗಿನಕಾಯಿ ಮೂಟೆ ಎಲ್ಲವೂ ಅಂಕಿಯನ್ನು ಅಲ್ಲಾಡಿಸುತ್ತವೆ. ಆದರೆ ಒಂದೇ ಆಕ್ಸಲ್‌ನ ಎರಡು ಚಕ್ರಗಳನ್ನು ಹೆಚ್ಚುಕಮ್ಮಿ ಒಂದೇ ಥರ ಅಲ್ಲಾಡಿಸುತ್ತವೆ. ಒಂದು ಇಳಿದು ಇನ್ನೊಂದು ನಿಂತಿದ್ದರೆ ಹವಾಮಾನ ಕಾರಣ ಅಲ್ಲ, ಗಾಳಿ ಎಲ್ಲೋ ಹೋಗುತ್ತಿದೆ.

ಇದಕ್ಕೂ ಒಂದು ತಕರಾರಿದೆ. ನಮ್ಮ ಬೀದಿಯಲ್ಲಿ ಕಾರಿನ ಬಲಮಗ್ಗುಲು ಪೂರ್ವಕ್ಕೆ ಬರುವಂತೆ ನಿಲ್ಲಿಸುತ್ತೇನೆ. ಬೆಳಗ್ಗೆ ಒಂಬತ್ತಕ್ಕೆ ಬಲಗಡೆಯ ಎರಡೂ ಟೈರ್ ಬಿಸಿಲು ಕಾಯಿಸಿಕೊಂಡು 2 ಪಿಎಸ್ಐ ಜಾಸ್ತಿ ತೋರಿಸುತ್ತವೆ. ಎಡಗಡೆ ಎರಡೂ ಲೀಕ್ ಅಂದುಕೊಂಡರೆ ಪಂಚರ್ ಅಂಗಡಿಯವರಿಗೆ ಹಬ್ಬ. ಬಿಸಿಲು ಬೀಳುವ ಮುಂಚೆ ನೋಡಬೇಕು. ನಾನು ಹಾಲು ತರಲು ಹೋಗುವಾಗ ಕಾರು ಒಂಚೂರು ಮುಂದೆ ಹಿಂದೆ ಮಾಡಿ ಸೆನ್ಸರ್ ಎಬ್ಬಿಸಿ ನೋಡುತ್ತೇನೆ. ಎದುರು ಮನೆಯ ಅಜ್ಜಿಗೆ ನನ್ನ ತಲೆ ನೆಟ್ಟಗಿದೆಯೋ ಇಲ್ಲವೋ ಅಂತ ಅನುಮಾನ.

ಹೀಗೆ ನೋಡುತ್ತಿದ್ದಾಗ ಎಡ ಹಿಂದಿನ ಚಕ್ರ ಸಿಕ್ಕಿಬಿತ್ತು. ದಿನಾ ಬೆಳಗ್ಗೆ ಬಲಕ್ಕಿಂತ ಅರ್ಧ ಅರ್ಧ ಕಮ್ಮಿ. ವಾರ ಕಳೆಯುವಷ್ಟರಲ್ಲಿ 3ರ ವ್ಯತ್ಯಾಸ. ಅಲಾರಾಂ ತೆಪ್ಪಗಿತ್ತು, ಯಾಕೆಂದರೆ ಅದಕ್ಕೆ 26ಕ್ಕೆ ಕೂಗು ಅಂತ ಹೇಳಿಟ್ಟಿದ್ದೆ. ಕಣ್ಣಿಗೆ ನೋಡಿದರೆ ನಾಲ್ಕೂ ಟೈರ್ ಒಂದೇ ಥರ ಇದ್ದವು. ಟ್ಯೂಬ್‌ಲೆಸ್ ಟೈರ್ 3 ಪಿಎಸ್ಐ ಕಮ್ಮಿಯಾದದ್ದು ಯಾವ ಕಣ್ಣಿಗೂ ಕಾಣುವುದಿಲ್ಲ, ಕಾಲಲ್ಲಿ ಒದ್ದು ನೋಡುವವರಿಗೂ ಗೊತ್ತಾಗುವುದಿಲ್ಲ.

ಮಾಗಡಿ ರೋಡಿನಲ್ಲಿ ನಮಗೆ ಖಾಯಂ ಪಂಚರ್ ಅಂಗಡಿಯವರೊಬ್ಬರಿದ್ದಾರೆ. ಗೇಜ್ ಹಿಡಿದು ನೋಡಿ, "ಗಾಳಿ ಇದೆಯಲ್ಲಕ್ಕಾ, ಯಾಕೆ ಬಿಚ್ಚಿಸ್ತೀರಾ?" ಅಂದರು.

"ದಿನಾ ಕಮ್ಮಿ ಆಗ್ತಿದೆ ಅಣ್ಣ, ಒಂದ್ಸಲ ನೋಡಿ."

ಜಾಕ್ ಏರಿಸಿ ಚಕ್ರ ಬಿಚ್ಚಿದರು. ಸೆನ್ಸರ್ ಕ್ಯಾಪ್ ತೆಗೆದು ಪಕ್ಕದ ಕಲ್ಲಿನ ಮೇಲಿಟ್ಟರು. ಚಕ್ರವನ್ನು ನೀರಿನ ತೊಟ್ಟಿಯಲ್ಲಿ ಇಷ್ಟಿಷ್ಟೇ ತಿರುಗಿಸಿದರು. ನೆಲಕ್ಕೆ ತಾಕುವ ಟ್ರೆಡ್ ಉದ್ದಕ್ಕೂ ಒಂದು ಗುಳ್ಳೆ ಇಲ್ಲ. ರಿಮ್ ಅಂಚು ನೋಡಿದರು, ಅಲ್ಲೂ ಇಲ್ಲ. ವಾಲ್ವ್ ಬುಡ ಬಗ್ಗಿಸಿ ನೋಡಿದರು, ಬಿರುಕಿಲ್ಲ. ವಾಲ್ವ್ ಪಿನ್ ಮೇಲೆ ಸೋಪಿನ ನೀರು ಹಚ್ಚಿದರು. ನೊರೆ ಅಲುಗಲಿಲ್ಲ. "ಏನೂ ಇಲ್ಲಕ್ಕಾ" ಅಂತ ಚಕ್ರ ಸಿಕ್ಕಿಸಿ, ಕ್ಯಾಪ್ ತಿರುಗಿಸಿ, ಕೈ ತೊಳೆಯಲು ಹೊರಟರು. ನಾನು ಅದೇ ಬ್ರಷ್‌ನಲ್ಲಿ ಕ್ಯಾಪ್ ಸುತ್ತ ಒಂದು ಸಲ ಹಚ್ಚಿ ಅಂದೆ. ಹಚ್ಚಿದರು. ಮೊದಲು ಏನೂ ಇಲ್ಲ. ಇಬ್ಬರೂ ಬಗ್ಗಿ ನೋಡುತ್ತಾ ಇದ್ದೆವು. ಕ್ಯಾಪ್ ಮತ್ತು ವಾಲ್ವ್ ಸೇರುವ ಜಾಗದಲ್ಲಿ ಸಾಸಿವೆಯಷ್ಟು ಒಂದು ಗುಳ್ಳೆ ಹುಟ್ಟಿ, ನಿಧಾನಕ್ಕೆ ಕಡಲೆಯಷ್ಟಾಗಿ ಒಡೆಯಿತು. ಆಮೇಲೆ ಇನ್ನೊಂದು.

ಅವರು ನಕ್ಕರು. "ಅಕ್ಕಾ, ಇದನ್ನ ಹಾಕಿಸ್ದೇ ಇದ್ದಿದ್ರೆ ಲೀಕೇ ಇರ್ತಿರ್ಲಿಲ್ಲ!"

ಅವರು ಹೇಳಿದ್ದು ಸರಿ. ಮಾಮೂಲಿ ಮುಚ್ಚಳ ಹಾಕಿದಾಗ ಗಾಳಿ ತಡೆಯುವುದು ಒಳಗಿನ ಪಿನ್, ಮುಚ್ಚಳ ದೂಳಿಗೆ ಅಡ್ಡ ಅಷ್ಟೇ. ಸೆನ್ಸರ್ ಕ್ಯಾಪ್ ಹಾಗಲ್ಲ. ಒಳಗಿನ ಒತ್ತಡ ಅದಕ್ಕೆ ತಲುಪಬೇಕಾದರೆ ಪಿನ್ ಅನ್ನು ಸದಾ ಒತ್ತಿ ಹಿಡಿದಿರಬೇಕು. ಅಂದರೆ ಆಮೇಲೆ ಗಾಳಿ ತಡೆಯುವ ಕೆಲಸ ಕ್ಯಾಪ್ ಒಳಗಿನ ಆ ಪುಟ್ಟ ರಬ್ಬರ್ ವಾಷರ್‌ನದ್ದು. ನನ್ನದರ ವಾಷರ್ ಒಂದು ಕಡೆ ಚಪ್ಪಟೆಯಾಗಿತ್ತು. ಸೆಟ್ ಜೊತೆ ಕೊಟ್ಟಿದ್ದ ಹೆಚ್ಚುವರಿ ವಾಷರ್ ಹಾಕಿದ ಮೇಲೆ ಎಡ ಬಲ ಎರಡೂ ತಾಳೆಯಾದವು. ಹೊರಗೆ ಹಾಕುವ ಸೆನ್ಸರ್ ಕೊಳ್ಳುವವರು ಈ ಒಂದು ವಿಷಯ ತಿಳಿದಿರಲಿ. ಹಾಕಿಸಿದ ದಿನ, ಆಮೇಲೆ ಬ್ಯಾಟರಿ ಬದಲಿಸಿದಾಗಲೆಲ್ಲ, ಸೋಪಿನ ನೀರು ಹಚ್ಚಿ ನೋಡಿ. ಬ್ಯಾಟರಿ ನನ್ನದರಲ್ಲಿ ಸಿಆರ್ 1632, ಎಲ್ಲ ವಾಚ್ ಅಂಗಡಿಯಲ್ಲೂ ಸಿಗುವುದಿಲ್ಲ, ಎಸ್.ಪಿ. ರೋಡಿನಲ್ಲಿ ಸಿಗುತ್ತದೆ.

ಹಾಗಾದರೆ ಯಾಕೆ ಬೇಕು ಈ ತಾಪತ್ರಯ ಅಂತ ಯಜಮಾನರು ಕೇಳಿದರು. ಬೆಂಗಳೂರಿನಲ್ಲಿ ಗಾಡಿ ಓಡಿಸುವವರಿಗೆ ಉತ್ತರ ಗೊತ್ತು. ಔಟರ್ ರಿಂಗ್ ರೋಡಿನಲ್ಲಿ ಮ್ಯಾಗ್ನೆಟ್ ಹಿಡಿದು ಕೆಜಿಗಟ್ಟಲೆ ಮೊಳೆ ಆರಿಸಿದ ಇಂಜಿನಿಯರ್ ಒಬ್ಬರ ಸುದ್ದಿ ಪೇಪರ್‌ನಲ್ಲಿ ಓದಿದ್ದು ನೆನಪಿದೆಯಾ? ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ತಕ್ಷಣ ಗೊತ್ತಾಗುವುದಿಲ್ಲ. ರಬ್ಬರ್ ಮೊಳೆಯನ್ನೇ ಅಪ್ಪಿ ಹಿಡಿಯುತ್ತದೆ, ಗಾಳಿ ಗಂಟೆಗಟ್ಟಲೆ, ದಿನಗಟ್ಟಲೆ ಇಳಿಯುತ್ತದೆ. ಊರಿನೊಳಗೆ ಇಪ್ಪತ್ತರ ವೇಗದಲ್ಲಿ ಅದು ಸಮಸ್ಯೆಯೇ ಅಲ್ಲ. ಶನಿವಾರ ನೆಲಮಂಗಲ ಟೋಲ್ ದಾಟಿ ನೂರು ಮುಟ್ಟಿದಾಗ ಸಮಸ್ಯೆ.

ಇನ್ನು ಅಲಾರಾಂ ಮಾತು. ಅಮೆರಿಕದಲ್ಲಿ ಟೈರುಗಳ ಮೇಲ್ಪದರ ಓಡುತ್ತಿದ್ದಾಗಲೇ ಕಿತ್ತುಬಂದು ಗಾಡಿಗಳು ಪಲ್ಟಿಯಾದ ದೊಡ್ಡ ಗಲಾಟೆಯ ನಂತರ 2000ದಲ್ಲಿ ಒಂದು ಕಾನೂನು ಬಂತು. ಅದರಂತೆ 2007ರ ಸೆಪ್ಟೆಂಬರ್‌ನಿಂದ ಅಲ್ಲಿ ಹೊಸ ಕಾರುಗಳಿಗೆಲ್ಲ ಗಾಳಿ ಕಮ್ಮಿಯಾದರೆ ಎಚ್ಚರಿಸುವ ಈ ವ್ಯವಸ್ಥೆ ಕಡ್ಡಾಯ. ಯುರೋಪಿನಲ್ಲಿ 2014ರ ನವೆಂಬರ್‌ನಿಂದ ಹೊಸ ಕಾರುಗಳಿಗೆಲ್ಲ ಬಂತು. ನಾನು ಹೇಳಹೊರಟದ್ದು, ಅಮೆರಿಕದ ನಿಯಮದಲ್ಲಿ ದೀಪ ಹತ್ತಬೇಕಾದದ್ದು ಸ್ಟಿಕ್ಕರ್ ಅಂಕಿಗಿಂತ 25 ಶೇಕಡ ಕಮ್ಮಿಯಾದಾಗ. 33ರ ಟೈರಿಗೆ ಅದು 25ರ ಹತ್ತಿರ. ಅಲ್ಲಿಯವರೆಗೆ ಬರೀ ದೀಪ ಇರುವ ಕಾರಿನವರಿಗೆ ಏನೂ ಗೊತ್ತಾಗುವುದಿಲ್ಲ. ಅಂಕಿ ಕಾಣುವವರಿಗೆ 31ರಲ್ಲೇ ಗೊತ್ತಾಗುತ್ತದೆ.

ಕೆಲವು ಕಾರುಗಳಲ್ಲಿ ಚಕ್ರದೊಳಗೆ ಸೆನ್ಸರ್ರೇ ಇರುವುದಿಲ್ಲ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್‌ಗೆ ಚಕ್ರದ ವೇಗ ಅಳೆಯುವ ಭಾಗ ಹೇಗೂ ಇರುತ್ತದಲ್ಲ, ಅದನ್ನೇ ನೋಡಿ ಊಹಿಸುತ್ತವೆ. ಗಾಳಿ ಇಳಿದ ಚಕ್ರ ಸ್ವಲ್ಪ ಕುಗ್ಗಿ, ಅಷ್ಟೇ ದೂರಕ್ಕೆ ಒಂಚೂರು ಜಾಸ್ತಿ ಸುತ್ತುತ್ತದೆ. ಜಾಣತನವೇ. ಆದರೆ ನಾಲ್ಕೂ ಒಟ್ಟಿಗೆ ಇಳಿದರೆ ಅಂಥ ವ್ಯವಸ್ಥೆ ಮೋಸ ಹೋಗಬಹುದು. ಗಾಳಿ ಹಾಕಿಸಿದ ಮೇಲೆ ರೀಸೆಟ್ ಬಟನ್ ಒತ್ತಲು ಮರೆತರೂ ಎಡವಟ್ಟು. ನನ್ನ ನಾದಿನಿಯ ಹೊಸ ಕಾರಿನಲ್ಲಿ ಇದೇ ಇರುವುದು. ಅಂಕಿ ಎಲ್ಲಿ ಅಂತ ನಾವಿಬ್ಬರೂ ಮೆನು ಪೂರ್ತಿ ಜಾಲಾಡಿದ್ದೇ ಬಂತು.

ಆ ನಾದಿನಿಯ ಮನೆ ಮಂಗಳೂರಿನಲ್ಲಿ. ಅಲ್ಲಿಗೆ ಹೋದಾಗ ಒಂದು ತಮಾಷೆ ಆಯಿತು. ಬೆಂಗಳೂರಿನಲ್ಲಿ ನನ್ನ ಪರದೆ ಯಾವಾಗಲೂ ಬಂಕ್ ಗೇಜ್‌ಗಿಂತ ಒಂದೂವರೆ ಕಮ್ಮಿ ತೋರಿಸುತ್ತಿತ್ತು. ಬಂಕ್ 33 ಅಂದರೆ ಇದು 31.5. ನಾಲ್ಕೂ ಚಕ್ರಕ್ಕೂ ಒಂದೇ ಕೊರತೆ. ಅಗ್ಗದ ಮಾಲು, ಇರಲಿ ಅಂತ ಬಿಟ್ಟಿದ್ದೆ. ಮಂಗಳೂರಿನ ಬಂಕ್‌ನಲ್ಲಿ ನೋಡಿದರೆ ಗೇಜೂ ಪರದೆಯೂ ತಾಳೆ! ವಾಪಸ್ ಬಂದ ಮೇಲೆ ಮತ್ತೆ ಅದೇ ಒಂದೂವರೆ.

ನಮ್ಮ ಫ್ಯಾಕ್ಟರಿಯ ಕ್ಯಾಲಿಬ್ರೇಷನ್ ರೂಮಿನಲ್ಲಿ ಕೂರುವ ಹಿರಿಯರೊಬ್ಬರನ್ನು ಟೀ ಹೊತ್ತಿನಲ್ಲಿ ಕೇಳಿದೆ. ಅವರು ಕೇಳಿದ್ದು, "ಬೆಂಗಳೂರು ಎಷ್ಟು ಎತ್ತರದಲ್ಲಿದೆ ಹೇಳಿ ನೋಡೋಣ?" ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್. ಸಮುದ್ರದ ದಡದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡ 14.7 ಪಿಎಸ್ಐ, ಇಲ್ಲಿ ಸುಮಾರು 13.2. ಬಂಕ್ ಗೇಜ್ ತೋರಿಸುವುದು ಟೈರಿನ ಒಳಗೂ ಹೊರಗೂ ಇರುವ ವ್ಯತ್ಯಾಸ. ಈ ಸೆನ್ಸರ್ ಚಿಪ್‌ಗಳು ಅಳೆಯುವುದು ಒಳಗಿನ ಪೂರ್ತಿ ಒತ್ತಡ. ಹೊರಗಿನದನ್ನು ಆಮೇಲೆ ಕಳೆಯಬೇಕು. ನನ್ನ ಸೆಟ್ ಎಲ್ಲಿದ್ದರೂ ಸಮುದ್ರ ಮಟ್ಟದ ಅಂಕಿಯನ್ನೇ ಕಳೆಯುತ್ತದೆ. ಬೆಂಗಳೂರಿನಲ್ಲಿ ಒಂದೂವರೆ ಜಾಸ್ತಿ ಕಳೆದ ಹಾಗಾಯಿತು. ಎಲ್ಲ ಸೆಟ್‌ಗಳೂ ಹೀಗಲ್ಲ, ಎತ್ತರಕ್ಕೆ ತಕ್ಕಂತೆ ಸರಿ ಮಾಡಿಕೊಳ್ಳುವವೂ ಇವೆ. ನಿಮ್ಮದು ನಾಲ್ಕೂ ಚಕ್ರಕ್ಕೆ ಸಮನಾಗಿ ಕಮ್ಮಿ ತೋರಿಸುತ್ತಿದ್ದರೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಇದನ್ನು ಯೋಚಿಸಿ. ಕೊರತೆ ನಾಲ್ಕಕ್ಕೂ ಒಂದೇ ಇದ್ದರೆ ನನ್ನ ಜೋಡಿ ಲೆಕ್ಕಕ್ಕೆ ಏನೂ ತೊಂದರೆ ಇಲ್ಲ.

ಅದೇ ಪ್ರಯಾಣದಲ್ಲಿ ಶಿರಾಡಿ ಘಾಟ್ ಇಳಿಯುವಾಗ ಮುಂದಿನ ಎರಡೂ ಚಕ್ರದ ಉಷ್ಣತೆ ಹಿಂದಿನದಕ್ಕಿಂತ ಏರುತ್ತಾ ಹೋಯಿತು. ಬ್ರೇಕ್ ಬಿಸಿ ರಿಮ್‌ಗೆ, ರಿಮ್‌ನಿಂದ ಟೈರಿಗೆ. ಗೇರ್ ಇಳಿಸಿ ಬ್ರೇಕ್ ಕಮ್ಮಿ ಮಾಡಿದ ಮೇಲೆ ನಿಂತಿತು. ಉಷ್ಣತೆಯ ಅಂಕಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹೊರಗಿರುವ ಕ್ಯಾಪ್‌ಗೆ ಬೀಸುಗಾಳಿ ತಾಕುತ್ತದೆ, ಮಳೆ ನೀರು ತಾಕುತ್ತದೆ. ಒಳಗಿನ ನಿಜವಾದ ಬಿಸಿಗಿಂತ ಕಮ್ಮಿಯೇ ತೋರಿಸುತ್ತದೆ. ಮೇ ತಿಂಗಳ ಮಳೆಯಲ್ಲಿ ಅಂಡರ್‌ಪಾಸ್ ನೀರಿಗೆ ಇಳಿದರೆ ಸರ್ರನೆ ಹತ್ತು ಡಿಗ್ರಿ ಬೀಳುತ್ತದೆ. ಆದರೆ ಒಂದು ಚಕ್ರ ಮಾತ್ರ ಜೋಡಿಗಿಂತ ಬಿಸಿ ಅಂದರೆ ನಿಲ್ಲಿಸಿ ನೋಡುತ್ತೇನೆ. ಗಾಳಿ ಸಮ ಇದ್ದರೂ ಬ್ರೇಕ್ ಹಿಡಿದುಕೊಂಡಿರಬಹುದು.

ಒಂದು ಸಲ ವೀಲ್ ಅಲೈನ್‌ಮೆಂಟ್‌ಗೆ ಕೊಟ್ಟಾಗ ಅಂಗಡಿಯವರು ಹೇಳದೆ ಕೇಳದೆ ಚಕ್ರಗಳನ್ನು ಹಿಂದೆ ಮುಂದೆ ಬದಲಿಸಿ, ಕ್ಯಾಪ್‌ಗಳನ್ನು ಹಾಗೇ ಬಿಟ್ಟಿದ್ದರು. ಪರದೆಯಲ್ಲಿ ಮುಂದಿನದು ಅಂತ ಕಾಣುವುದು ಹಿಂದಿನದು. ಪ್ರತಿ ಕ್ಯಾಪ್‌ಗೂ ಅದರದ್ದೇ ನಂಬರ್ ಇರುತ್ತದೆ, ಅದು ಎಲ್ಲಿ ಕೂತಿದೆ ಅಂತ ಅದಕ್ಕೇನು ಗೊತ್ತು? ಮನೆ ಮುಂದೆ ಒಂದೊಂದೇ ಬಿಚ್ಚಿ ಸರಿ ಮಾಡಬೇಕಾಯಿತು. ಕಳ್ಳರಿಗೆ ಸಿಗಬಾರದು ಅಂತ ಕ್ಯಾಪ್ ಕೆಳಗೆ ಕೊಟ್ಟಿರುವ ನಟ್ ಬಿಚ್ಚಲು ಸಣ್ಣ ಸ್ಪ್ಯಾನರ್ ಬೇಕು, ಅದನ್ನು ಗ್ಲೋವ್ ಬಾಕ್ಸ್‌ನಲ್ಲೇ ಇಟ್ಟಿದ್ದೇನೆ. ಅದಿಲ್ಲದೆ ಬಂಕ್‌ನಲ್ಲಿ ಗಾಳಿಯೂ ಹಾಕಿಸಲು ಆಗುವುದಿಲ್ಲ.

ಸೆನ್ಸರ್ ನಾಲ್ಕು, ಚಕ್ರ ಐದು. ಡಿಕ್ಕಿಯ ಸ್ಟೆಪ್ನಿಗೆ ಸೆನ್ಸರ್ ಇಲ್ಲ, ತಿಂಗಳಿಗೊಮ್ಮೆ ಕೈಯಲ್ಲೇ ಗೇಜ್ ಹಿಡಿದು ನೋಡುತ್ತೇನೆ. 2020ರಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಟ್ಯೂಬ್‌ಲೆಸ್ ಟೈರ್, ಪಂಚರ್ ಕಿಟ್ ಮತ್ತು ಈ ಪ್ರೆಶರ್ ವ್ಯವಸ್ಥೆ ಮೂರೂ ಇದ್ದರೆ ಕಾರಿಗೆ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ. ಊರೊಳಗೆ ಓಡಿಸುವವರಿಗೆ ಸರಿ ಇರಬಹುದು. ಟೈರಿನ ಪಕ್ಕದ ಗೋಡೆ ಸೀಳಿದರೆ ಕಿಟ್ ಏನು ಮಾಡುತ್ತದೆ? ರಾತ್ರಿ ಹೊತ್ತು ಹಾಸನದ ದಾರಿ ಹಿಡಿಯುವವಳು ನಾನು, ಸ್ಟೆಪ್ನಿ ಇಲ್ಲದ ಕಾರು ಬೇಡವೇ ಬೇಡ.

ಈ ದಸರಾ ಮುಂಚೆ ನಾಲ್ಕೂ ಟೈರ್ ಬದಲಿಸುವುದಿದೆ. ಟೈರ್ ಹೇಗೂ ರಿಮ್‌ನಿಂದ ಇಳಿಯುತ್ತದಲ್ಲ, ಆಗಲೇ ಒಳಗೆ ಕೂರಿಸುವ ಸೆನ್ಸರ್ ಹಾಕಿಸೋಣ ಅಂತಿದ್ದೇನೆ. ವಾಷರ್ ತಾಪತ್ರಯ ಇಲ್ಲ, ಕಳ್ಳರ ಭಯ ಇಲ್ಲ, ಉಷ್ಣತೆಯೂ ಒಳಗಿನದ್ದೇ ಸಿಗುತ್ತದೆ. ಬ್ಯಾಟರಿ ಮಾತ್ರ ಒಳಗೇ ಸೀಲ್ ಆಗಿರುತ್ತದೆ, ಮುಗಿದರೆ ಸೆನ್ಸರ್ರೇ ಹೊಸದು. ಟೈರ್ ಕಳಚುವ ಮಿಷಿನ್‌ನವರಿಗೆ ವಾಲ್ವ್ ಹತ್ತಿರ ಒಳಗೆ ಸೆನ್ಸರ್ ಇದೆ ಅಂತ ಮೊದಲೇ ಹೇಳಬೇಕು, ಇಲ್ಲದಿದ್ದರೆ ಮುರಿಯುತ್ತದೆ. ಪಂಚರ್‌ಗೆ ಅಂತ ಟೈರೊಳಗೆ ಲಿಕ್ವಿಡ್ ಸುರಿಸುವುದನ್ನೂ ಬಿಡಬೇಕು, ಸೆನ್ಸರ್ ತೂತು ಕಟ್ಟಿಕೊಳ್ಳಬಹುದು. ಮಾಗಡಿ ರೋಡಿನ ಅಣ್ಣನಿಗೆ ಈಗಲೇ ಹೇಳಿಟ್ಟಿದ್ದೇನೆ. "ನಿಮ್ಮ ಗಾಡಿ ಬಂದ್ರೆ ನಾನು ಮುಟ್ಟೋ ಮುಂಚೆ ನಿಮ್ಮನ್ನೇ ಕೇಳ್ತೀನಿ ಬಿಡಕ್ಕಾ" ಅಂದಿದ್ದಾರೆ.